ಗಾಲಿ ಹೋಗದಲ್ಲಿ ಗೆರೆ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಆತ ಮೋಟಾರ್‌ಸೈಕಲ್ಲಿನಿಂದ ಬಿದ್ದು ಸಾಯಲಿಲ್ಲ. ಸುದ್ದಿ ಹೇಳಿದ ಕೂಡಲೇ ಎಲ್ಲರೂ “ಎಲ್ಲಿ ಬಿದ್ದರು?” ಎಂದೇ ಕೇಳುತ್ತಾರೆ. ಎಲ್ಲಿಯೂ ಬೀಳಲಿಲ್ಲ. ಗದಗಿನಲ್ಲಿ ತಂಗಿಯ ಮನೆಯಲ್ಲಿ, ಹಾಸಿಗೆಯ ಮೇಲೆ, ಕಿಡ್ನಿ ಕೆಟ್ಟು ಸತ್ತ. ಈ ಮನುಷ್ಯ ಒಂದು ದಿನ ಸಮುದ್ರದ ಪಾಲಾಗುತ್ತಾನೆ ಎಂದು ವಿಶಾಖಪಟ್ಟಣದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭವಿಷ್ಯ ಹೇಳಿದವರೆಲ್ಲ ಸೋತರು. ನನಗೆ ಅಷ್ಟು ಸಮಾಧಾನ ಸಾಕು.

ಸತ್ತ ಮೂರು ತಿಂಗಳಿಗೆ ವಿಜಯವಾಡದ ನಮ್ಮ ಮನೆಗೆ ಆತನ ನೋಟ್‌ಬುಕ್ಕು ಅಂಚೆಯಲ್ಲಿ ಬಂತು. ಇನ್ನೂರು ಪುಟದ್ದು, ಮಕ್ಕಳು ಶಾಲೆಗೆ ಒಯ್ಯುವಂಥದು. ವಿಶಾಖಪಟ್ಟಣದ ಆಚೆ ಭೀಮಿಲಿಯಿಂದ ಹಿಡಿದು ಕೃಷ್ಣೆ ಸಮುದ್ರ ಸೇರುವ ತನಕ ಇಡೀ ದಂಡೆಯ ನಕ್ಷೆ ಅದರಲ್ಲಿದೆ, ಪುಟಕ್ಕೊಂದು ತುಂಡು. ಗಾಡಿ ಹೋದ ದಾರಿಗೆ ನೀಲಿ ಪೆನ್ಸಿಲಿನ ಗೆರೆ. ಒಂದು ಪುಟದಲ್ಲಿ ಮಾತ್ರ ಒಂದು ಹಳ್ಳದ ಬಾಯಿಯ ಹತ್ತಿರ ಗೆರೆ ನಿಂತು, ಹೆಬ್ಬೆರಳಿನಷ್ಟು ಜಾಗ ಬಿಟ್ಟು, ಆಚೆ ಮತ್ತೆ ಶುರುವಾಗುತ್ತದೆ. ಆ ಖಾಲಿಯ ಪಕ್ಕದಲ್ಲಿ ಆತ ಬರೆದದ್ದು: “ನೀರಿನ ಲೆಕ್ಕ ತಪ್ಪಿತು. ಕಾರಣ ತಿಳಿಯದು.”

ಜೊತೆಗೆ ತಂಗಿಯ ಚೀಟಿ ಇತ್ತು. ಅವಳ ಮಗ ಇದನ್ನು ಅಚ್ಚು ಹಾಕಿಸುತ್ತಾನಂತೆ, ಗಾಡಿ ಮೇಲೆ ತಿರುಗುವವರಿಗೆ ಉಪಯೋಗವಾಗಲಿ ಎಂದು. “ಆ ಹಳ್ಳ ಕಾಕೂಗ ಒಬ್ಬರಿಗೇ ಗೊತ್ತೈತಿ ಅಂತಿದ್ದ ಅಣ್ಣ. ಒಂದು ಗೆರೆ ಎಳೆದು ಕಳಿಸಿರಿ.”

ಕಾಕು ಎಂದರೆ ನಾನು. ಆ ಜಾಗ ಖಾಲಿ ಯಾಕೆ ಉಳಿಯಿತು ಎಂಬುದು ನನಗೆ ಗೊತ್ತು. ಆತನಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದ್ದು ಮೂರನೆಯ ಇಯತ್ತೆ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಲು ಬಂದಳು, ಬಿಡಲಿಲ್ಲ.

ವಿಶಾಖಪಟ್ಟಣದಲ್ಲಿ ನಾವಿದ್ದದ್ದು ದ್ವಾರಕಾ ನಗರದ ಹಿಂಬದಿ. ಮಗಳು ಬ್ಯಾಂಕಿನಲ್ಲಿ ಆಫೀಸರು, ವರ್ಗ ಆದಲ್ಲಿಗೆ ನಾನೂ ಸಾಮಾನಿನ ಜೊತೆ ಹೋಗುವುದು. ಆತ ಮೇಲೆ, ತಾರಸಿಯ ಒಂಟಿ ಕೋಣೆಯಲ್ಲಿದ್ದ. ಐವತ್ತೇಳು ವರ್ಷ, ಬಡಕಲು ಮೈ, ಉದ್ದನೆಯ ಕುತ್ತಿಗೆ. ಹೆಲ್ಮೆಟ್ ಹಾಕಿಕೊಂಡೇ ಮೂರು ಮಹಡಿ ಹತ್ತುತ್ತಿದ್ದ. ಹೆಂಡತಿ ಮಕ್ಕಳು ಯಾಕಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದವರಿಗೆ ಆತ ಹೇಳಲಿಲ್ಲ. ಔಷಧಿ ಕಾರ್ಖಾನೆಯಲ್ಲಿ ಮಾಲು ಸರಿಯಾಗಿದೆಯೋ ಇಲ್ಲವೋ ನೋಡಿ ಸಹಿ ಹಾಕುವ ಕೆಲಸ. ಭಾನುವಾರ ಸಂಜೆ ದಂಡೆಯಿಂದ ಬಂದವನೇ ನಾಲ್ಕು ಬಕೆಟ್ ಸಿಹಿನೀರಿನಲ್ಲಿ ಗಾಡಿ ತೊಳೆಯುತ್ತಿದ್ದ. ಮನುಷ್ಯರಿಗೇ ನೀರಿಲ್ಲ, ಇವನ ಗಾಡಿಗೆ ಅಭಿಷೇಕ ಎಂದು ಕೆಳಗಿನವರು ಜಗಳ ತೆಗೆದಾಗ ಆತ ಎರಡು ದಿನ ಸ್ನಾನ ಬಿಟ್ಟ. ಗಾಡಿ ತೊಳೆಯುವುದನ್ನು ಬಿಡಲಿಲ್ಲ.

ಒಂದು ಶನಿವಾರ ಬಾಗಿಲಲ್ಲಿ ನಿಂತು ಕೇಳಿದ, “ಕಾಕು, ನಾಳೆ ಏನ ತಿಥಿರಿ?”

“ನವಮಿ,” ಎಂದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಪರವಾಗಿಲ್ಲ, ದೇವರ ಮ್ಯಾಲ ಭಕ್ತಿ ಅದ ನಿನಗ.”

“ದೇವರಿಗಲ್ರಿ. ನೀರಿಗೆ.”

ಆಮೇಲೆ ವಿವರಿಸಿದ. ಸಮುದ್ರ ಏರುವುದು, ಇಳಿಯುವುದು ಚಂದ್ರನ ಲೆಕ್ಕದಲ್ಲಿ. ಈ ಕಡೆ ಹುಣ್ಣಿಮೆ ಅಮಾವಾಸ್ಯೆಗೆ ಮಧ್ಯಾಹ್ನ ಮೂರರ ಸುಮಾರಿಗೆ ನೀರು ತಳ ಮುಟ್ಟುತ್ತದೆ. ಒಣ ಮರಳಿನಲ್ಲಿ ಗಾಡಿ ಹೂತುಹೋಗುತ್ತದೆ, ನೀರು ಇಳಿದ ಹಸಿ ಮರಳು ಮಾತ್ರ ರಸ್ತೆಯ ಹಾಗೆ ಗಟ್ಟಿ. ಹಳ್ಳಗಳನ್ನು ದಾಟುವುದೂ ಆಗಲೇ. ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಂದೆ ಮುಂದೆ ಆಗುತ್ತದೆ ಎಂದ.

“ಹಂಗಂದ್ರ ಎರಡು ಘಳಿಗಿ,” ಎಂದೆ. “ಹುಣ್ಣಿಮಿಯಿಂದ ಹಿಂದಕ್ಕ ಒಂದೊಂದು ತಿಥಿಗೆ ಎರಡೆರಡು ಘಳಿಗಿ ಕಳಕೋತ ಬಾ. ಇದಕ್ಕ ಇಷ್ಟು ಪುರಾಣ ಯಾಕ?”

ಆತ ನೋಟ್‌ಬುಕ್ಕು ತೆಗೆದು ನೋಡಿದ. ಆರು ತಿಂಗಳು ದಂಡೆಯ ಮೇಲೆ ನಿಂತು ಬರೆದುಕೊಂಡದ್ದೂ ನಾನು ಅಕ್ಕಿ ಆರಿಸುತ್ತ ಹೇಳಿದ್ದೂ ಒಂದೇ ಆಗಿತ್ತು. ಇದು ಫೋನಿನಲ್ಲಿ ಸಿಗುವುದಿಲ್ಲವೇ ಎಂದು ಮಗಳು ಒಳಗಿನಿಂದ ಕೇಳಿದಳು. “ಬಂದರದ್ದು ಸಿಗತೈತ್ರಿ. ಹಳ್ಳದ ಬಾಯಿದು ಸಿಗೂದಿಲ್ಲ. ಅಲ್ಲೆ ಫೋನೂ ಹತ್ತೂದಿಲ್ಲ,” ಎಂದ.

ಹೋಗುವಾಗ ನಾನೇ ಕೇಳಿದೆ, “ನನ್ನನ್ನೂ ಕರಕೊಂಡು ಹೋಗ್ತೀಯೇನು?”

ನಾಲ್ಕು ವರ್ಷ ವಿಶಾಖಪಟ್ಟಣದಲ್ಲಿದ್ದು ನಾನು ಸಮುದ್ರ ನೋಡಿದ್ದು ಕಟ್ಟೆಯ ಮೇಲೆ ಕೂತು, ಕೈಯಲ್ಲಿ ಅಲ್ಲಿಯವರು ಮುರಿ ಮಿಕ್ಚರ್ ಎನ್ನುವ ಚುರುಮುರಿಯ ಪೊಟ್ಟಣ ಹಿಡಿದು, ಐಸ್‌ಕ್ರೀಮಿನ ಗಾಡಿಗಳ ಸಂದಿಯಿಂದ. ಅದು ನೋಡಿದ ಲೆಕ್ಕವಲ್ಲ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಂದ ಬಾಜೂ ಕಾಲ ಬಿಟ್ಟ ಕೂತ್ರ ಮರಳಾಗ ಗಾಡಿ ವಾಲತೈತ್ರಿ. ಎರಡೂ ಕಡೆ ಕಾಲ ಹಾಕಿ ಕೂಡಬೇಕು,” ಎಂದ.

“ನಾ ಉಟ್ಟದ್ದು ಏನು?” ಎಂದೆ. ಕಚ್ಚೆ ಸೀರೆ. ಮದುವೆಯಾದಾಗಿನಿಂದ ಬೇರೆ ಉಟ್ಟಿಲ್ಲ. ಹಳೇ ಕಾಲದ್ದು, ಆಫೀಸಿನವರು ಬಂದಾಗಲಾದರೂ ಆರು ಗಜದ್ದು ಉಡು ಎಂದು ಮಗಳು ಹೇಳಿ ಹೇಳಿ ಸೋತಿದ್ದಳು. ಈಗ ಅದೇ ಕಚ್ಚೆ ಹಾಕಿ ಕುದುರೆ ಹತ್ತಿದ ಹಾಗೆ ಹತ್ತಿ ಕೂತೆ.

ಮಗಳ ಮುಖ ನೋಡುವ ಹಾಗಿತ್ತು. “ಅಮ್ಮಾ, ಎಪ್ಪತ್ನಾಲ್ಕು ವರ್ಷ ನಿನಗ. ಬಿದ್ರ ಏನ ಮಾಡ್ತಿ?”

“ಏಳ್ತೀನಿ.”

“ಪರಗಂಡಸಿನ ಹಿಂದ ಕೂತು ಹೋದ್ರ ಜನ ಏನಂತಾರ?”

“ಓಡಿಸಿಕೊಂಡು ಹೋದ ಅಂತಾರ. ಎಷ್ಟು ದೂರ ಓಡಿಸ್ತಾನ, ಸಂಜಿಗೆ ತಂದು ಬಿಡ್ತಾನ.”

ಆತ ನಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ನನ್ನ ಗದ್ದಕ್ಕೆ ಬಿಗಿಯಾಯಿತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುತ್ತಿದ್ದ. ಕೆಳಗೆ ಗೇಟಿನ ಹತ್ತಿರ ಅಪಾರ್ಟ್‌ಮೆಂಟಿನ ಸೆಕ್ರೆಟರಿ, “ಏಂಟಂಡಿ ಬಾಮ್ಮಗಾರು, ಈ ವಯಸುಲೋ?” ಎಂದ. ಅಜ್ಜಿ, ಈ ವಯಸ್ಸಿನಲ್ಲಿ ಇದೇನು ಎಂದು. ಮುಂದಿನ ವಯಸ್ಸು ಇದೆಯೋ ಇಲ್ಲವೋ ನನಗೇನು ಗೊತ್ತು ಎಂದು ಕನ್ನಡದಲ್ಲೇ ಹೇಳಿದೆ. ಅವನಿಗೆ ಅರ್ಥವಾಯಿತು.

ಹಾಗೆ ಎರಡು ವರ್ಷ, ತಿಂಗಳಿಗೆ ಒಂದೋ ಎರಡೋ ಭಾನುವಾರ ಹೋದೆವು. ಆತನ ಕೆಲಸದ ರೀತಿ ನನಗೆ ಹಿಡಿಸಿತು. ಮರಳು ಬಂದ ಕೂಡಲೇ ಇಳಿದು, ಕಡ್ಡಿಯಿಂದ ವಾಲ್ವು ಒತ್ತಿ ಗಾಲಿಯ ಗಾಳಿ ಬಿಡುತ್ತಿದ್ದ, ನಲವತ್ತು ಎಣಿಸುವ ತನಕ. ಗಾಲಿ ಸ್ವಲ್ಪ ಮೆತ್ತಗಾದರೆ ಮರಳು ಒಪ್ಪುತ್ತದೆ. ವಾಪಸು ಟಾರು ರಸ್ತೆಗೆ ಬಂದಾಗ ಕೈಪಂಪಿನಿಂದ ಮತ್ತೆ ಗಾಳಿ ಹೊಡೆಯುವುದು. ಸ್ಟ್ಯಾಂಡು ಮರಳಿನಲ್ಲಿ ಇಳಿಯದಂತೆ ಅದರ ಕೆಳಗೆ ಇಡುವುದಕ್ಕೆ ಒಂದು ಮಣೆ. ಆ ಮಣೆ ನನ್ನ ಮಡಿಲಲ್ಲಿ ಇರುತ್ತಿತ್ತು, ಅದು ನನ್ನ ಡ್ಯೂಟಿ. ಇಳಿದವಳು ಮೊದಲು ಮಣೆ ಹಾಕಬೇಕು. ಒಂದು ಸಲ ಮರೆತು ಏಡಿ ನೋಡುತ್ತ ನಿಂತೆ. ಇಡೀ ದಂಡೆ ಕೆಂಪಗಿತ್ತು, ನಾವು ಹತ್ತಿರ ಹೋದ ಹಾಗೆ ಆ ಕೆಂಪು ಬಿಲಗಳಿಗೆ ಇಳಿದು ಮರಳು ಬಿಳಿಯಾಯಿತು. ಹಿಂದೆ ಗಾಡಿ ದಪ್ಪನೆ ಮಲಗಿತ್ತು. ಆತ ಬಯ್ಯಲಿಲ್ಲ. “ಏಡಿ ಎಲ್ಲೂ ಹೋಗೂದಿಲ್ರಿ ಕಾಕು. ಮಣಿ ಮೊದಲು,” ಎಂದ.

ಗೆರೆಯ ವಿಷಯದಲ್ಲಿ ಮಾತ್ರ ಹಟಮಾರಿ. ನೂರು ಮಾರು ದೂರದಲ್ಲಿ ದಂಡೆ ನೆಟ್ಟಗೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಇಲ್ಲಿಂದಲೇ ಎಳೆದುಕೋ, ಬಿಸಿಲು ಸುಡುತ್ತಿದೆ ಎಂದೆ. “ಗಾಲಿ ಹೋಗದಲ್ಲಿ ಗೆರಿ ಇಲ್ರಿ,” ಎಂದು ಹೋಗಿ ಬಂದ. ನಾನು ಗಾಳಿಮರದ ನೆರಳಿನಲ್ಲಿ ಮೀನು ಒಣಗಿಸುವ ಹೆಂಗಸರ ಜೊತೆ ಕೂತೆ. ಆ ವಾಸನೆಗೆ ನನ್ನ ಮೂಗು ಒಗ್ಗಲು ಮೂರು ಭಾನುವಾರ ಬೇಕಾಯಿತು. ಮಡಿ ಹೆಂಗಸಿಗೆ ಅದು ಹೆಚ್ಚೇನಲ್ಲ.

ಕಾರ್ಖಾನೆಯಲ್ಲಿಯೂ ಅದೇ ಹಟ. ಒಂದು ಸಲ ತಾನು ಪರೀಕ್ಷೆ ಮಾಡದ ಔಷಧಿಯ ಕಾಗದ ತಂದು ಮುಂದಿಟ್ಟು ಸಹಿ ಹಾಕು ಎಂದರಂತೆ. ಹಾಕಲಿಲ್ಲ. ಕುರ್ಚಿ ಬೇರೆ ಕೋಣೆಗೆ ಹೋಯಿತು, ಆಮೇಲೆ ಕೆಲಸವೇ ಹೋಯಿತು. ನನಗೆ ಹೇಳಿದ್ದು ಎರಡೇ ಮಾತಿನಲ್ಲಿ: “ನೋಡದ್ದಕ್ಕ ಸಹಿ ಇಲ್ಲ ಅಂದೆರಿ. ಹಂಗಾರ ನೀನೂ ಇಲ್ಲ ಅಂದ್ರು.” ಅಳುವ ಮುಖ ಮಾಡಲಿಲ್ಲ. ಇನ್ನು ವಾರವೆಲ್ಲ ಭಾನುವಾರ ಎಂದ.

ಇನ್ನೊಂದು ಹೇಳಬೇಕು. ನಾನು ಏಕಾದಶಿ ಮಾಡುವವಳು, ನೀರೂ ಇಲ್ಲ. ಉಪವಾಸದ ದಿನ ಜೊತೆಗೆ ಹೋದರೆ ಆತ ನನ್ನ ಎದುರು ತಿನ್ನುತ್ತಿರಲಿಲ್ಲ. ದಡಕ್ಕೆ ಎಳೆದಿಟ್ಟ ದೋಣಿಯ ಹಿಂದೆ ಹೋಗಿ, ಬಾಳೆಹಣ್ಣು ತಿಂದು, ಸಿಪ್ಪೆ ಹೂತು, ಬಾಯಿ ಒರೆಸಿಕೊಂಡು ಬರುತ್ತಿದ್ದ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದ. ದೋಣಿಯ ಕೆಳಗಿನಿಂದ ಆತನ ಕಾಲು ಕಾಣುತ್ತಿತ್ತು.

ಈಗ ಆ ಹಳ್ಳ. ಪೂಡಿಮಡಕ ದಾಟಿ ಇನ್ನೂ ದಕ್ಷಿಣಕ್ಕೆ, ರಸ್ತೆಯಿಂದ ದೂರ. ಕೇದಗೆಯ ಪೊದೆ, ತಾಳೆಮರ, ನಾಲ್ಕು ಗುಡಿಸಲು. ಹೊರಡುವ ಮುಂಚೆ ನಾನೇ ಹೇಳಿದ್ದೆ, ಇವತ್ತು ಏಕಾದಶಿ, ಹನ್ನೊಂದೂಮುಕ್ಕಾಲಿಗೆ ನೀರು ತಳ ಎಂದು. ಹೊತ್ತಿಗೆ ಸರಿಯಾಗಿ ಹೋದೆವು. ಹಳ್ಳದ ಬಾಯಲ್ಲಿ ನೀರು ಮೊಳಕಾಲು ಮಟ್ಟ ಇತ್ತು, ಸಮುದ್ರದ ಕಡೆ ಜೋರಾಗಿ ಹರಿಯುತ್ತಿತ್ತು.

ಬುಟ್ಟಿ ಹೊತ್ತು ನಿಂತಿದ್ದ ಹೆಂಗಸು, “ಆಗಂಡಿ, ಇಂಕಾ ತಗ್ಗುತುಂದಿ,” ಎಂದಳು. ತಡೆಯಿರಿ, ಇನ್ನೂ ಇಳಿಯುತ್ತದೆ ಎಂದು.

ಆತ ನೀರು ನೋಡಿದ, ಗಡಿಯಾರ ನೋಡಿದ, ನನ್ನನ್ನು ನೋಡಿದ. “ಕಾಕು, ಇವತ್ತ ಏಕಾದಶಿ ಖರೇನ ಹೌದ್ರಿ?”

“ನಿನ್ನೆ ರಾತ್ರಿಯಿಂದ ಒಂದು ಹನಿ ನೀರು ಕುಡದಿಲ್ಲ. ನನ್ನ ಹೊಟ್ಟೀನ್ನ ಕೇಳು,” ಎಂದೆ.

ಹೊಟ್ಟೆಯನ್ನು ನಂಬಿದ. ಇದೇ ತಳವಾದರೆ ಇನ್ನು ನೀರು ಏರುವುದೇ, ತಡ ಮಾಡಿದಷ್ಟೂ ಕಷ್ಟ ಎಂಬುದು ಲೆಕ್ಕ. ನನ್ನನ್ನು ನಡೆಸಿಕೊಂಡು ಹೋಗಿ ಆ ದಡದಲ್ಲಿ ನಿಲ್ಲಿಸಿ ಬಂದು, ಗಾಡಿ ಇಳಿಸಿದ. ನಟ್ಟನಡುವೆ ಗಾಡಿ ಕೆಮ್ಮಿತು, ನಿಂತಿತು, ವಾಲಿತು. ಆತ ಎದೆಯಿಂದ ಒತ್ತಿ ಹಿಡಿದು ಅದು ಪೂರ್ತಿ ಮಲಗದಂತೆ ನೋಡಿಕೊಂಡ. ಮೀನಿನ ಹೆಂಗಸರು ನಾಲ್ವರು ಬುಟ್ಟಿ ಇಳಿಸಿ ಬಂದು ಎಳೆದು ಹಿಂದಿನ ದಡಕ್ಕೇ ಹಾಕಿದರು. ನಾನು ಆಚೆ ದಡದಲ್ಲಿ ಒಬ್ಬಳೇ, ಮಡಿಲಲ್ಲಿ ಮಣೆ.

ಎಂಜಿನ್ನು ಉಪ್ಪುನೀರು ಕುಡಿದಿತ್ತು. ಅದನ್ನು ಬಿಚ್ಚಿ ಆತ ನೋಡುತ್ತಿರುವ ಹಾಗೆಯೇ ಹಳ್ಳ ಇಳಿಯುತ್ತಾ ಹೋಯಿತು. ಹನ್ನೆರಡೂವರೆಗೆ ನಾನು ಸೀರೆಯ ಅಂಚು ಕೂಡ ಎತ್ತದೆ ವಾಪಸು ನಡೆದು ಬಂದೆ, ಹಿಮ್ಮಡಿ ಮುಳುಗುವಷ್ಟು ನೀರು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಮೀನಿನ ವ್ಯಾನಿನಲ್ಲಿ ಗಾಡಿ ಹೇರಿಕೊಂಡು ಊರಿಗೆ ಬಂದೆವು. ಅಪಾರ್ಟ್‌ಮೆಂಟಿನವರು ಮೂಗು ಮುಚ್ಚಿಕೊಂಡರು. ಇನ್ನು ಸಾಕು ಎಂದು ಮಗಳು ಹೇಳಿದಳು. ಸಾಕೋ ಬೇಕೋ ನಾನು ಹೇಳುತ್ತೇನೆ ಎಂದೆ.

ಸಂಜೆ ಪಕ್ಕದ ಮನೆಯಾಕೆ ಪ್ರಸಾದ ತಂದಳು. ನಾನು ಉಪವಾಸ ಎಂದಾಗ, ಏಕಾದಶಿ ನಿನ್ನೆಯೇ ಆಯಿತಲ್ಲ ಬಾಮ್ಮಗಾರು ಎಂದಳು. ಅವಳ ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನೆ. ನಮ್ಮ ಮಠದ ಪಂಚಾಂಗದಲ್ಲಿ ಇವತ್ತು. ಏಕಾದಶಿಯ ಬೆಳಗಿನ ಜಾವಕ್ಕೆ ದಶಮಿಯ ಸೋಂಕು ತಗುಲಿದರೆ ನಾವು ಆ ದಿನ ಊಟ ಮಾಡಿ, ಮರುದಿನ ದ್ವಾದಶಿಯಲ್ಲಿ ಉಪವಾಸ ಮಾಡುವವರು. ವರ್ಷದಲ್ಲಿ ಕೆಲವು ಸಲ ಹೀಗಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದಾಗಿನಿಂದ ಗೊತ್ತು. ಆದರೆ ಉಪವಾಸ ಇದ್ದ ದಿನ ಏಕಾದಶಿ ಎಂದೇ ನಾಲಿಗೆ ರೂಢಿ. ಆಕಾಶದಲ್ಲಿ ಆಗಲೇ ದ್ವಾದಶಿ ನಡೆದಿತ್ತು. ಎರಡು ಘಳಿಗೆ ತಡವಾಗಿ ನೀರು ತಳ ಮುಟ್ಟಬೇಕಾಗಿತ್ತು. ಮುಟ್ಟಿತು.

ಮೇಲೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಏಕಾದಶಿ ತಪ್ಪು ಎಂದು ಎಣ್ಣೆಗೈಯ ಗಂಡಸಿನ ಮುಂದೆ ನಾನು ಹೇಳುವುದೇ ಎಂಬ ಸೊಕ್ಕು. ಮೂರು ಸಲ ಕೇಳಿದ, “ಎಲ್ಲೆ ತಪ್ಪಿತ್ರಿ ಕಾಕು?” ಮೂರನೆಯ ಸಲ, “ನಿನ್ನ ಗಡಿಯಾರ ನೋಡಕೋ,” ಎಂದುಬಿಟ್ಟೆ.

ಆತ ಹೋಗಿ ಹೊಸ ಗಡಿಯಾರ ಕೊಂಡ.

ಆಮೇಲಿನದು ಬೇಗ ಹೇಳುತ್ತೇನೆ. ಈ ಹಳ್ಳ ಬೇರೆಯವುಗಳಿಗಿಂತ ಎರಡು ಘಳಿಗೆ ತಡ ಎಂದು ಆತ ಬರೆದುಕೊಂಡ. ಹಾಗೆ ನಂಬಿ, ಒಬ್ಬನೇ ಎರಡು ಸಲ ಹೋದ. ಎರಡೂ ಸಲ ತಡವಾಗಿ ಹೋಗಿ, ನೀರು ಆಗಲೇ ಏರುತ್ತಿರುವುದನ್ನು ಕಂಡು ವಾಪಸು ಬಂದ. ಎರಡು ಸಲವೂ ನಾನು ಮಜ್ಜಿಗೆ ಕೊಟ್ಟೆ. ಕಾರಣ ಕೊಡಲಿಲ್ಲ. ಈ ಹಳ್ಳಕ್ಕೆ ಲೆಕ್ಕವೇ ಇಲ್ಲ ಎಂದು ಆತ ಅದನ್ನು ಬಿಟ್ಟು ಮುಂದಿನ ದಂಡೆ ಹಿಡಿದ.

ಮಗಳಿಗೆ ವಿಜಯವಾಡಕ್ಕೆ ವರ್ಗವಾಯಿತು, ಗವರ್ನರ್‌ಪೇಟೆಯ ಶಾಖೆ. ಒಂದು ವರ್ಷದ ಮೇಲೆ ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಆತ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ. ದಂಡೆ ಹಿಡಿದೇ ಬಂದಿದ್ದ, ತಿಂಗಳುಗಟ್ಟಲೆ, ತುಂಡು ತುಂಡಾಗಿ. ಗೋದಾವರಿಯ ಕವಲುಗಳಲ್ಲಿ ಗಾಡಿಯನ್ನು ದೋಣಿಗೆ ಹತ್ತಿಸಿ ದಾಟಿಸಿದ್ದ. ಕಾಲು ಊದಿತ್ತು. ಗಾಡಿಯೂ ಉಬ್ಬಸ ಪಡುತ್ತಿತ್ತು.

ಮರುದಿನ ಆಟೋನಗರ್‌ಗೆ ಹೋದೆವು, ರಿಪೇರಿಯವರ ಬೀದಿಗೆ. ಮೆಕ್ಯಾನಿಕ್ಕು ಕಿಕ್ ಹೊಡೆದು, ಕಿವಿಗೊಟ್ಟು, “ಅಯಿಪೋಯಿಂದಿ ಸಾರ್, ಅಮ್ಮೇಯಂಡಿ,” ಎಂದ. ಮುಗಿಯಿತು, ಮಾರಿಬಿಡಿ ಎಂದು.

“ಬಿಚ್ಚಿ ನೋಡಿ ಹೇಳಪ್ಪಾ,” ಎಂದು ಆತ ಡಬ್ಬದ ಮೇಲೆ ಕೂತ. ಸಂಜೆಯ ತನಕ ಒಂದೊಂದು ನಟ್ಟು ಬಿಚ್ಚುವುದನ್ನೂ ನೋಡಿದ. ಒಂದು ಕಡೆ ಉಪ್ಪು ಬೆಳ್ಳಗೆ ಕೂತಿತ್ತು, ಹಪ್ಪಳದ ಹಿಟ್ಟು ಒಣಗಿದ ಹಾಗೆ. ಮೆಕ್ಯಾನಿಕ್ಕು ಉಗುರಿನಿಂದ ಕೆರೆದು, ಎಲ್ಲಿ ಮುಳುಗಿಸಿದಿರಿ ಎಂದು ಕೇಳಿದ. ಆತ ನನ್ನ ಕಡೆ ತಿರುಗಿ, “ಆ ಹಳ್ಳದಾಗ ಅಲ್ರಿ ಕಾಕು?” ಎಂದ. ಆಗಲೂ ಹೇಳಬಹುದಿತ್ತು. ಚಹಾ ತರಿಸಲೇನು ಎಂದೆ.

ಕೊನೆಯ ತುಂಡಿಗೆ ನಾನೂ ಹೋದೆ, ಹಂಸಲದೀವಿಯ ಆಚೆ, ಕೃಷ್ಣೆ ಸಮುದ್ರಕ್ಕೆ ಸೇರುವಲ್ಲಿಗೆ. ಒಂದು ಕಡೆ ನದಿಯ ಬಣ್ಣ, ಒಂದು ಕಡೆ ಸಮುದ್ರದ್ದು, ನಡುವೆ ಮರಳಿನ ನಾಲಿಗೆ. ಅದರ ತುದಿಯ ತನಕ ಗಾಡಿ ಹೋಯಿತು. ನಾನು ಮಣೆ ಹಾಕಿದೆ. ಆತ ಗೆರೆ ಎಳೆದು, ನೋಟ್‌ಬುಕ್ಕು ಮುಚ್ಚಿ, “ಆ ಒಂದ ಹಳ್ಳ ಉಳೀತ್ರಿ,” ಎಂದ. “ಇರಲಿ ಬಿಡು,” ಎಂದೆ. “ಇರಲಿ ಅನ್ನಾಕ ಅದೇನ ನಮ್ಮ ಹೊಲಾ ಏನ್ರಿ,” ಎಂದ. ಗದಗಿಗೆ ಹೋಗಿ ಕಾಲು ತೋರಿಸಿಕೊಂಡು ಬರುತ್ತೇನೆ ಎಂದು ಹೋದವನು ಬರಲಿಲ್ಲ.

ಹೀಗಾಗಿ ನೋಟ್‌ಬುಕ್ಕು ನನ್ನ ಕೈಗೆ ಬಂತು. ಮನೆಯಲ್ಲೇ ಕೂತು ಆ ಖಾಲಿಗೆ ಗೆರೆ ಎಳೆದು ಕಳಿಸಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು. ಮಗಳೂ ಅದನ್ನೇ ಹೇಳಿದಳು, “ಅಮ್ಮಾ, ಒಂದು ಗೆರಿಗೆ ನೀ ಅಲ್ಲಿ ತನಕ ಹೋಗಬೇಕೇನು?”

ಮೊಮ್ಮಗಳು ವಿಶಾಖಪಟ್ಟಣದಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ, ಸ್ಕೂಟರ್ ಇದೆ. ಕನ್ನಡ ಓದಿ ಬರೆಯುತ್ತಾಳೆ, ನಾಲಿಗೆಗೆ ಮಾತ್ರ ತೆಲುಗು ಹೆಚ್ಚು. ಫೋನು ಮಾಡಿ ದಿನ ಹೇಳಿದೆ. “ಅಜ್ಜೀ, ಆ ದಿನ ನಿನಗೆ ಉಪವಾಸಂ ಕದಾ?” ಎಂದಳು. ಹೌದು, ಉಪವಾಸದ ದಿನವೇ. ಪಂಚಾಂಗ ತೆಗೆದು ನಾನೇ ಆರಿಸಿದ್ದೆ, ಊರಿಗೆಲ್ಲ ಹಿಂದಿನ ದಿನ ಏಕಾದಶಿಯಾಗಿ ನನಗೊಬ್ಬಳಿಗೆ ಮರುದಿನ ಬರುವಂಥ ದಿನ. ಉಪವಾಸ ಮಠದ ಲೆಕ್ಕದಲ್ಲಿ ಮಾಡಿದೆ, ಬಾಯಿಗೆ ಹನಿ ನೀರು ಹಾಕಲಿಲ್ಲ. ಹಳ್ಳಕ್ಕೆ ಮಾತ್ರ ದ್ವಾದಶಿಯ ಲೆಕ್ಕದಲ್ಲಿ, ಹನ್ನೆರಡೂವರೆಗೆ ಹೋಗಿ ನಿಂತೆ. ನನ್ನ ಏಕಾದಶಿ ಅಂದೂ ತಪ್ಪಿರಲಿಲ್ಲ, ಇಂದೂ ತಪ್ಪಿಲ್ಲ. ಸಮುದ್ರಕ್ಕೆ ಮಠ ಇಲ್ಲ, ಅಷ್ಟೆ. ಈ ಒಂದು ಮಾತು ಆತ ಬದುಕಿದ್ದಾಗ ಹೇಳಿದ್ದರೆ ಗೆರೆ ಆತನ ಕೈಯದೇ ಆಗಿರುತ್ತಿತ್ತು.

ನೀರು ಹಿಮ್ಮಡಿಗೆ. ಗಾಲಿಯ ವಾಲ್ವಿಗೆ ಕಡ್ಡಿ ಒತ್ತಿ ನಲವತ್ತು ಎಣಿಸಿದೆ. ಮೊಮ್ಮಗಳು ಹೆದರಿದಳು. “ನೀರು ನೋಡಬ್ಯಾಡ, ಗಾಡಿ ಬಿಡು,” ಎಂದೆ. ಆತ ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದ ಮಣೆ ಮಡಿಲಲ್ಲಿ ಇಟ್ಟುಕೊಂಡು ಕಚ್ಚೆ ಹಾಕಿದ ಕಾಲು ಎರಡೂ ಕಡೆ ಬಿಟ್ಟು ಕೂತೆ. ಅವಳು ಒಂದೇ ಉಸಿರಿನಲ್ಲಿ ದಾಟಿಸಿದಳು. ಬುಟ್ಟಿಯ ಹೆಂಗಸರಲ್ಲಿ ಒಬ್ಬಳು ನನ್ನ ಗುರುತು ಹಿಡಿದು, ಆ ಸಾರ್ ಎಲ್ಲಿ ಎಂದು ಕೇಳಿದಳು. ಇಲ್ಲ ಎಂದೆ. ಅವಳೂ ಕೇಳಿದಳು, ಎಲ್ಲಿ ಬಿದ್ದರು ಎಂದು. ಎಲ್ಲಿಯೂ ಬೀಳಲಿಲ್ಲ ಎಂದು ಅವಳಿಗೂ ಹೇಳಿದೆ.

ಆಚೆ ದಡದಲ್ಲಿ ಸ್ಕೂಟರಿಗೆ ಮಣೆ ಹಾಕಿ, ಅದರ ಸೀಟಿನ ಮೇಲೆ ನೋಟ್‌ಬುಕ್ಕು ಇಟ್ಟು, “ಕಾರಣ ತಿಳಿಯದು” ಎಂಬುದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: “ಆ ದಿನ ದ್ವಾದಶಿ. ಗೊತ್ತಿದ್ದೂ ಹೇಳದವಳು ನಾನು. ಗಡಿಯಾರ ಸರಿ ಇತ್ತು.” ಕೆಳಗೆ ಸಹಿ ಹಾಕಿದೆ, ನೋಡಿದ್ದಕ್ಕೆ. ಆಮೇಲೆ ಖಾಲಿ ಜಾಗದಲ್ಲಿ ಗೆರೆ ಎಳೆದೆ. ಸೊಟ್ಟಗಾಯಿತು.

ರಬ್ಬರ್ ತಂದು ನೆಟ್ಟಗೆ ಮಾಡಿಕೊಡುತ್ತೇನೆ ಎಂದಳು ಮೊಮ್ಮಗಳು. ಬೇಡ ಎಂದೆ. ದಂಡೆಯೇನು ನೆಟ್ಟಗಿದೆಯೇ.